ದಿಕ್ಕು ತಪ್ಪಿದ ಹಡಗು

ಮಕ್ಕಳೇ, ಜೂನ್ 13 ಬಂತೆಂದರೆ ನಮ್ಮ ಕೆ.ಆರ್. ನಗರದ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜನ ಹೊರಟಿರುವುದು ಡೋರನಹಳ್ಳಿಗೆ, ಸಂತ ಅಂತೋಣಿಯವರ ಹಬ್ಬಕ್ಕೆ. ಕ್ರೈಸ್ತರಷ್ಟೇ ಅಲ್ಲ, ಹರಕೆ ಹೊತ್ತ ಹಿಂದೂಗಳೂ ಬಹಳ ಮಂದಿ ಇರುತ್ತಾರೆ.

ಆ ಊರಿನ ಕಥೆ ನಿಮ್ಮ ಅಜ್ಜಿಯರಿಗೆ ಗೊತ್ತಿರಬಹುದು. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತಂತೆ. ಗೊಂಬೆ ಅಂದುಕೊಂಡು ಮಕ್ಕಳ ಕೈಗೆ ಆಟಕ್ಕೆ ಕೊಟ್ಟನಂತೆ. ಆಮೇಲೆ ಕನಸಿನಲ್ಲಿ ಸನ್ಯಾಸಿಯೊಬ್ಬರು ಬಂದು, ನನಗೊಂದು ಗುಡಿ ಕಟ್ಟು ಅಂದರಂತೆ. ಹಾಗೆ ಶುರುವಾದ ಗುಡಿಗೆ 2019ರಲ್ಲಿ ಬಸಿಲಿಕಾ ಎಂಬ ಗೌರವ ಸಿಕ್ಕಿತು.

ಆ ಗೊಂಬೆಯ ಅಸಲು ಮನುಷ್ಯ ಯಾರು? ಪೋರ್ಚುಗಲ್ಲಿನ ಲಿಸ್ಬನ್ ಪಟ್ಟಣದಲ್ಲಿ 1195ರ ಸುಮಾರಿಗೆ ಹುಟ್ಟಿದ ಸ್ಥಿತಿವಂತರ ಮಗ. ಮನೆಯವರಿಟ್ಟ ಹೆಸರು ಫರ್ನಾಂಡೊ. ಹುಡುಗನಾಗಿದ್ದಾಗಲೇ ಮಠ ಸೇರಿ, ಕೊಯಿಂಬ್ರಾ ಎಂಬ ಊರಿನಲ್ಲಿ ಓದುತ್ತಿದ್ದರು. ಅಸ್ಸಿಸಿಯ ಫ್ರಾನ್ಸಿಸ್ಸರ ಐವರು ಬಡ ಶಿಷ್ಯರು ಆ ಊರಿನ ಮೇಲೆಯೇ ಮೊರಾಕ್ಕೊ ದೇಶಕ್ಕೆ ಬೋಧನೆಗೆ ಹೋದರು. 1220ರ ಜನವರಿ 16ರಂದು ಅಲ್ಲಿ ಅವರ ತಲೆ ಕಡಿದರು. ನಂಬಿದ್ದಕ್ಕಾಗಿ ಪ್ರಾಣ ಕೊಟ್ಟ ಇಂಥವರನ್ನು ಕ್ರೈಸ್ತರು ರಕ್ತಸಾಕ್ಷಿಗಳು ಎನ್ನುತ್ತಾರೆ. ಅವರ ಅವಶೇಷಗಳನ್ನು ಕೊಯಿಂಬ್ರಾಗೆ ತಂದಾಗ ಫರ್ನಾಂಡೊಗೆ ಪುಸ್ತಕದ ಮುಂದೆ ಕೂರಲಾಗಲಿಲ್ಲ. ಹಳೆಯ ಮಠ ಬಿಟ್ಟರು, ಫ್ರಾನ್ಸಿಸ್ಸರ ಸಭೆ ಸೇರಿದರು, ಅಂತೋಣಿ ಎಂದು ಹೆಸರು ಬದಲಿಸಿಕೊಂಡರು. ತಾನೂ ಹಾಗೇ ಸಾಯಬೇಕೆಂದು ಮೊರಾಕ್ಕೊಗೆ ಹೊರಟರು!

ಹೋದವರಿಗೆ ಅಲ್ಲಿ ಕಾಯಿಲೆ ಬಂತು. ತಿಂಗಳುಗಟ್ಟಲೆ ಹಾಸಿಗೆ. ಊರಿಗೆ ಮರಳೋಣವೆಂದು ಹಡಗು ಹತ್ತಿದರೆ ಬಿರುಗಾಳಿ ಅದನ್ನು ಇಟಲಿಯ ಸಿಸಿಲಿ ದ್ವೀಪಕ್ಕೆ ತಳ್ಳಿತು. ರಕ್ತಸಾಕ್ಷಿಯೂ ಆಗಲಿಲ್ಲ, ಮನೆಗೂ ತಲುಪಲಿಲ್ಲ. ಪವಾಡಗಳ ಕಥೆ ಎಷ್ಟೇ ಇರಲಿ, ನನ್ನ ಮನಸ್ಸು ನಿಲ್ಲುವುದು ಈ ಹಡಗಿನ ಹತ್ತಿರ. ಗುರುತಿಲ್ಲದ ನಾಡು, ಮೈಯಲ್ಲಿ ಶಕ್ತಿ ಇಲ್ಲ. ಬೆಟ್ಟದ ಮೇಲಿನ ಒಂದು ಸಣ್ಣ ಆಶ್ರಮದಲ್ಲಿ ಪ್ರಾರ್ಥನೆ ಮಾಡಿಕೊಂಡು, ಪಾತ್ರೆ ತೊಳೆದುಕೊಂಡು ಇದ್ದರಂತೆ.

1222ರಲ್ಲಿ ಫೊರ್ಲಿ ಎಂಬ ಊರಿನಲ್ಲಿ ಗುರುದೀಕ್ಷೆಯ ಸಮಾರಂಭ. ಪ್ರಸಂಗ ಮಾಡಲು ಯಾರೂ ತಯಾರಾಗಿ ಬಂದಿರಲಿಲ್ಲ. ಹಿರಿಯರು ಈ ಮೌನಿಯನ್ನು ಎಬ್ಬಿಸಿದರು. ಮಾತು ಕೇಳಿ ಎಲ್ಲರೂ ಬೆರಗಾದರು. ಅಲ್ಲಿಂದ ಮುಂದೆ ಅವರಿಗೆ ಅಡುಗೆಮನೆ ಸಿಗಲಿಲ್ಲ, ಊರೂರು ಸುತ್ತಾಟವೇ.

ಕಳೆದ ವಸ್ತುವಿಗೆ ಅಂತೋಣಿಯವರನ್ನು ಕೇಳುವುದು ಏಕೆ ಗೊತ್ತೇ? ಒಮ್ಮೆ ಹೊಸ ಶಿಷ್ಯನೊಬ್ಬ ಮಠ ಬಿಟ್ಟು ಓಡುವಾಗ ಅವರ ಕೀರ್ತನೆಗಳ ಪುಸ್ತಕವನ್ನೂ ಒಯ್ದನಂತೆ. ಆಗ ಅಚ್ಚುಕೂಟ ಇರಲಿಲ್ಲ, ಎಲ್ಲ ಕೈಬರಹ. ಪಾಠ ಹೇಳಲು ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಯೂ ಅದರಲ್ಲೇ. ಅಂತೋಣಿಯವರು ಪ್ರಾರ್ಥಿಸಿದರು. ಹುಡುಗ ಪುಸ್ತಕದ ಜೊತೆ ತಾನೂ ವಾಪಸು ಬಂದ. ನನಗಂತೂ ಪುಸ್ತಕಕ್ಕಿಂತ ಹುಡುಗ ಬಂದದ್ದೇ ದೊಡ್ಡದು.

1231ರ ಜೂನ್ 13ರಂದು, ಇನ್ನೂ 36 ತುಂಬುವ ಮೊದಲೇ, ಇಟಲಿಯ ಪಾದುವ ಪಟ್ಟಣದ ಹತ್ತಿರ ತೀರಿಕೊಂಡರು. ವರ್ಷ ತುಂಬುವುದರೊಳಗೆ, 1232ರ ಮೇ 30ರಂದು, ಪೋಪ್ ಒಂಬತ್ತನೇ ಗ್ರೆಗರಿ ಅವರನ್ನು ಸಂತರೆಂದು ಸಾರಿದರು. ನಾನು ಬ್ಯಾಂಕಿನಲ್ಲಿದ್ದಾಗ ಕೆಲವು ಸಾಲದ ಅರ್ಜಿಗಳಿಗೂ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತಿತ್ತು! ಅವರನ್ನು ಸಮಾಧಿ ಮಾಡಿದ್ದು ಜೂನ್ 17ರ ಮಂಗಳವಾರ. ಮಂಗಳವಾರ ಅಂತೋಣಿಯವರ ವಾರವಾದದ್ದು ಹಾಗೆ.