ನಾನು ಅಳಿಸಿದ 10.8

ಕಳೆದ ವರ್ಷ ಸರಳ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ ನನಗೆ 10.8 ಬಂತು. ಮೂರು ಸಲ ಮಾಡಿದೆ, ಮೂರು ಸಲವೂ ಹೆಚ್ಚುಕಡಿಮೆ ಅದೇ. ಪಕ್ಕದ ಟೇಬಲಿನವರಿಗೆ 9.8 ಬಂದಿತ್ತು. ರಬ್ಬರ್ ತೆಗೆದುಕೊಂಡು ಸಮಯದ ಕಾಲಂ ತಿದ್ದಿ 9.79 ಎಂದು ಬರೆದೆ. ರೆಕಾರ್ಡಿಗೆ ಸಹಿ ಬಿತ್ತು. ನಮ್ಮಲ್ಲಿ ಹೀಗೆ ಮಾಡದವರು ಯಾರಿದ್ದೀರಿ, ಕೈಯೆತ್ತಿ ನೋಡೋಣ.

ಇದು ನೆನಪಾದದ್ದು ಸರ್ನ್‌ನ ಒಂದು ಅಳತೆಯ ಬಗ್ಗೆ ಓದುವಾಗ. 2010ರ ನವೆಂಬರಿನಲ್ಲಿ ಜಿನೀವಾ ಬಳಿಯ 27 ಕಿ.ಮೀ. ಸುತ್ತಳತೆಯ ಯಂತ್ರದಲ್ಲಿ ಮೊದಲ ಬಾರಿಗೆ ಸೀಸದ ನ್ಯೂಕ್ಲಿಯಸ್‌ಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದರು. ಆಲಿಸ್ ತಂಡ ಕೇಳಿಕೊಂಡ ಪ್ರಶ್ನೆ ಮಕ್ಕಳ ಪ್ರಶ್ನೆಯಂತಿತ್ತು: ಒಂದು ಡಿಕ್ಕಿಯಿಂದ ಎಷ್ಟು ವಿದ್ಯುದಂಶವುಳ್ಳ ಕಣಗಳು ಹೊರಬರುತ್ತವೆ?

ಎಣಿಸುವುದು ಮಾತ್ರ ಸುಲಭವಲ್ಲ. ಕೊಳವೆಯನ್ನು ಸುತ್ತುವರಿದ ಸಿಲಿಕಾನಿನ ಎರಡು ಒಳಪದರಗಳ ಮೇಲೆ ಕಣ ಒಂದೊಂದು ಚುಕ್ಕೆ ಬಿಟ್ಟುಹೋಗುತ್ತದೆ. ಎರಡು ಚುಕ್ಕೆ ಸೇರಿಸಿದ ಗೆರೆ ಡಿಕ್ಕಿಯ ಜಾಗಕ್ಕೆ ಮರಳಿದರೆ ಒಂದು ಕಣ ಎಂದು ಲೆಕ್ಕ. ಆದರೆ ಒಂದು ಕಣದ ಚುಕ್ಕೆಗೆ ಇನ್ನೊಂದರ ಚುಕ್ಕೆ ಸೇರಿ ಸುಳ್ಳು ಗೆರೆ ಮೂಡಬಹುದು. ಕೆಟ್ಟುಹೋದ ಪಿಕ್ಸೆಲ್ ಇದ್ದಲ್ಲಿ ಚುಕ್ಕೆಯೇ ಬೀಳದು. ನಿಧಾನದ ಕಣ ಕಾಂತಕ್ಷೇತ್ರದಲ್ಲಿ ಬಾಗಿ ಎರಡನೇ ಪದರ ಮುಟ್ಟದೆಯೂ ಹೋದೀತು. ಇವನ್ನೆಲ್ಲ ಒಂದೊಂದಾಗಿ ಅಂದಾಜು ಮಾಡಿ, ಸರಿಪಡಿಸಿ, ಆ ಸರಿಪಡಿಕೆಯಲ್ಲೇ ಎಷ್ಟು ತಪ್ಪಿರಬಹುದು ಎಂದೂ ಬರೆಯಬೇಕು.

ನೇರಾನೇರ ನಡೆದ ಶೇ. 5ರಷ್ಟು ಡಿಕ್ಕಿಗಳಲ್ಲಿ, ಕೊಳವೆಗೆ ಲಂಬವಾದ ದಿಕ್ಕಿನ ಆಚೀಚೆ ಸುಮಾರು 27 ಡಿಗ್ರಿಯೊಳಗೆ ಸಿಕ್ಕ ಸರಾಸರಿ ಸಂಖ್ಯೆ 1584. ಉಪಕರಣವನ್ನು 8000ದಂಥ ಸಂಖ್ಯೆಯನ್ನೂ ತಾಳಿಕೊಳ್ಳುವಂತೆ ಕಟ್ಟಿದ್ದರು. ಸಿಕ್ಕಿದ್ದು ಅದರ ಐದನೇ ಒಂದು ಪಾಲು, ಹಾಗೆಂದೇ ಪ್ರಕಟಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು 1584 ಅಲ್ಲ, ಅದರ ಪಕ್ಕದ ಎರಡು ಅಂಕಿಗಳು. ಮತ್ತೆ ಮತ್ತೆ ಅಳೆಯುವಾಗ ಬರುವ ಏರುಪೇರು ಬರೀ 4. ಉಪಕರಣ ಮತ್ತು ವಿಧಾನದಿಂದ ಬರಬಹುದಾದ ತಪ್ಪು 76. ಇನ್ನೂ ಲಕ್ಷ ಡಿಕ್ಕಿ ನೋಡಿದರೂ ಆ 76 ತಾನಾಗಿ ಕರಗುವುದಿಲ್ಲ.

ನನ್ನ ಮೂರು 10.8ಗಳ ಗುಟ್ಟೂ ಇದೇ. ಈ ವರ್ಷ ಜೂನಿಯರ್ ಒಬ್ಬಳು ಗುಂಡು ಬಿಟ್ಟ ಕೂಡಲೇ "ಒಂದು" ಎಂದು ಎಣಿಸಿದ್ದು ಕೇಳಿ ಹೊಳೆಯಿತು. ನಾನೂ ಹಾಗೇ ಮಾಡಿದ್ದೆ, ಸೊನ್ನೆಯಿಂದ ಶುರುಮಾಡಬೇಕಿತ್ತು. ನನ್ನ 20 ಆಂದೋಲನ ನಿಜವಾಗಿ 19. ಸಮಯ ಶೇ. 5 ಕಡಿಮೆ, ಅದರ ವರ್ಗ ಸುಮಾರು ಶೇ. 10 ಕಡಿಮೆ, ಉತ್ತರ 10.8. ಅಳಿಸದೆ ಬಿಟ್ಟಿದ್ದರೆ ಅಂದೇ ಸಿಗುತ್ತಿತ್ತೇನೋ.

"ಸರಿ, ಮಾರ್ಕ್ಸ್ ಯಾರು ಕೊಡ್ತಾರೆ?" ಎಂದಳು ಗೆಳತಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಉಪನ್ಯಾಸಕರಲ್ಲಿ ನನ್ನ ವಿನಂತಿ: ರೆಕಾರ್ಡಿನಲ್ಲಿ ಫಲಿತಾಂಶದ ಕೆಳಗೆ "ತಪ್ಪು ಎಲ್ಲಿರಬಹುದು" ಎಂಬ ಒಂದು ಸಾಲು ಇರಲಿ, ಎರಡು ಅಂಕ ಅದಕ್ಕಿರಲಿ. ಆಲಿಸ್ ತಂಡದಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದವರೂ ಇದ್ದಾರೆ. ನಮ್ಮಲ್ಲೊಬ್ಬರು ನಾಳೆ ಅಲ್ಲಿಗೆ ಸೇರಿದರೆ ಮೊದಲು ಕೇಳುವುದು ಆ ಸಾಲನ್ನೇ.

ನನ್ನ ಹಳೆಯ ರೆಕಾರ್ಡ್ ಇನ್ನೂ ಮನೆಯಲ್ಲಿದೆ. 9.79ರ ಪಕ್ಕ ಪೆನ್ನಿನಿಂದ 10.8 ಎಂದು ಬರೆದು, ಕೆಳಗೆ "19" ಎಂದು ಸೇರಿಸಿದ್ದೇನೆ.