ಮಂಟಪದ ಮೆಟ್ಟಿಲು



ಹೋದ ಮದುವೆ ಸುಗ್ಗಿಯಲ್ಲಿ ಸೇಡಂ ತಾಲೂಕಿನ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ಮಠವೊಂದರ ಟ್ರಸ್ಟಿಗೆ ಸೇರಿದ ಕಟ್ಟಡ. ವಧುವಿನ ಸೋದರಮಾವ ಗಾಲಿಕುರ್ಚಿಯಲ್ಲಿ ಬಂದಿದ್ದರು. ಫರಸಿ ಕಲ್ಲಿನ ಗಣಿಯಲ್ಲಿ ದುಡಿದು ಅಲ್ಲಿಯೇ ಕಾಲು ಕಳೆದುಕೊಂಡವರು. ನಾಲ್ಕು ಜನ ಹುಡುಗರು ಕುರ್ಚಿ ಸಮೇತ ಅವರನ್ನು ಎತ್ತಿ ಮೆಟ್ಟಿಲು ಹತ್ತಿಸಿದರು. ಊಟದ ಮನೆ ನೆಲಮಾಳಿಗೆಯಲ್ಲಿತ್ತು. ಮತ್ತೆ ಎತ್ತಲು ಬಂದ ಹುಡುಗರಿಗೆ ಅವರು, "ಬ್ಯಾಡ್ರಪಾ, ಇಲ್ಲೇ ಒಂದು ತಾಟು ತಂದುಕೊಡ್ರಿ" ಎಂದರು. ಎಲ್ಲರೂ ಪಂಕ್ತಿಗೆ ಇಳಿದ ಮೇಲೆ ಖಾಲಿ ಸಭಾಂಗಣದಲ್ಲಿ ಒಬ್ಬರೇ ಕುಳಿತು ಉಂಡರು.

ಆ ಮಂಟಪಕ್ಕೆ ಇಳಿಜಾರು ಇಲ್ಲವೆಂದಲ್ಲ. ಪಕ್ಕದಲ್ಲಿ ಒಂದಿತ್ತು. ಹಳೆಯ ಚಟ, ಹೆಜ್ಜೆ ಹಾಕಿ ಅಳೆದೆ. ಮೂರು ಅಡಿ ಎತ್ತರಕ್ಕೆ ಹತ್ತು ಅಡಿ ಉದ್ದ. ಹಂಡೆ, ಸಿಲಿಂಡರ್ ಎಳೆಯಲು ಸಾಕು, ಮನುಷ್ಯನಿಗೆ ಅಲ್ಲ. ನಿಯಮದ ಪ್ರಕಾರ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಅಲ್ಲಿ 36 ಅಡಿ ಇರಬೇಕಿತ್ತು. ಇದನ್ನು ಹೇಳುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಕ್ಷೆಯಲ್ಲಿ ಒಂದು ಓರೆ ಗೆರೆ ಎಳೆದು 'ರ‍್ಯಾಂಪ್' ಎಂದು ಬರೆದರೆ ಮುಗಿಯಿತು ಎಂದುಕೊಂಡ ಎಂಜಿನಿಯರುಗಳಲ್ಲಿ ನಾನೂ ಒಬ್ಬ. ಅಂಥ ಕಟ್ಟಡಗಳ ಕಾಗದಕ್ಕೆ ಸಹಿಯನ್ನೂ ಹಾಕಿದ್ದೇನೆ.

ಕಾನೂನು ಏನು ಹೇಳುತ್ತದೆ? ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದು ಸರಕಾರಿ ಕಚೇರಿಗಳಿಗೆ ಮಾತ್ರ ಎಂದು ನಮ್ಮ ಬಹುತೇಕ ಟ್ರಸ್ಟಿಗಳು, ವ್ಯಾಪಾರಸ್ಥರು ತಿಳಿದಿದ್ದಾರೆ. ಅದು ತಪ್ಪು. ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಅದರಲ್ಲಿ 'ಸಾರ್ವಜನಿಕ ಕಟ್ಟಡ'ವೇ. ವ್ಯಾಪಾರ, ಶಾಲೆ, ಆಸ್ಪತ್ರೆಗಳ ಜೊತೆಗೆ ಧಾರ್ಮಿಕ ಕಟ್ಟಡವನ್ನೂ ಕಾಯ್ದೆ ಹೆಸರಿಸಿಯೇ ಹೇಳಿದೆ. ಬಟ್ಟೆ ಅಂಗಡಿ, ಲಾಡ್ಜು, ಖಾನಾವಳಿ, ಮಂಟಪ, ಮಠ ಎಲ್ಲವೂ ಬಂದವು. ಹಳೆಯ ಕಟ್ಟಡ ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರ ಜೂನ್‌ಗೇ ಮುಗಿದಿದೆ. ಸೇವೆ ಕೊಡುವವರಿಗಿದ್ದ ಎರಡು ವರ್ಷದ ಗಡುವು ಇನ್ನೂ ಮೊದಲೇ ಮುಗಿಯಿತು. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿಯವರೆಗೆ ದಂಡ, ಮತ್ತೆ ಮುರಿದರೆ 50,000ಕ್ಕೆ ಕಡಿಮೆಯಿಲ್ಲದಂತೆ 5 ಲಕ್ಷದವರೆಗೆ.

"ನಮ್ಮ ಕಡೆ ಕೋರ್ಟಿಗೆ ಯಾರು ಹೋಗ್ತಾರ್ರಿ?" ಎಂದು ಟ್ರಸ್ಟಿಯೊಬ್ಬರು ನಕ್ಕರು. ಅಮೆರಿಕದಲ್ಲಿ 1990ರ ಕಾಯ್ದೆಯಡಿ ಅಂಗಡಿ, ಹೋಟೆಲುಗಳ ಮೇಲೆ ವರ್ಷಕ್ಕೆ ಸಾವಿರಾರು ದಾವೆ ಬೀಳುತ್ತವೆ. ದಾವೆ ಹೂಡುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ ಎಂಬ ದೂರು ಅಲ್ಲಿನ ಸಣ್ಣ ವ್ಯಾಪಾರಿಗಳದು. ನಮ್ಮಲ್ಲಿ ಅಷ್ಟಿಲ್ಲ, ನಿಜ. ಆದರೆ ಏನೂ ಇಲ್ಲವೆಂದಲ್ಲ. 2012ರಲ್ಲಿ ಕೋಲ್ಕತ್ತಾದಲ್ಲಿ ಜೀಜಾ ಘೋಷ್ ಎಂಬ ಮಹಿಳೆಯನ್ನು ಅಂಗವೈಕಲ್ಯದ ಕಾರಣಕ್ಕೆ ಸ್ಪೈಸ್‌ಜೆಟ್ ವಿಮಾನದಿಂದ ಇಳಿಸಲಾಯಿತು. 2016ರಲ್ಲಿ ಸುಪ್ರೀಂ ಕೋರ್ಟು ಆ ಕಂಪನಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ದೃಷ್ಟಿಹೀನರಾದ ರಾಜೀವ್ ರಟೂರಿ 2005ರಲ್ಲಿ ಹೂಡಿದ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು ಇನ್ನೂ ದೊಡ್ಡದು. ಪ್ರವೇಶ ಸೌಲಭ್ಯದ ನಿಯಮಗಳು ಬರೀ ಸಲಹೆಯಂತೆ ಇರಕೂಡದು, ಕಡ್ಡಾಯದ ನಿಯಮ ರೂಪಿಸಿ ಎಂದು ಕೋರ್ಟು ಕೇಂದ್ರ ಸರಕಾರಕ್ಕೆ ಆದೇಶಿಸಿತು. ಇನ್ನು ಕೋರ್ಟಿನವರೆಗೆ ಹೋಗಲೇಬೇಕೆಂದೂ ಇಲ್ಲ. ಬೆಂಗಳೂರಿನ ರಾಜ್ಯ ಆಯುಕ್ತರಿಗೆ ಅರ್ಜಿ ಬರೆದರೆ ಅವರು ಸಮನ್ಸ್ ಕಳಿಸಿ ಕರೆಸಬಲ್ಲರು. ಎರಡೂ ಕೈ, ಎರಡೂ ಕಾಲು ಪೋಲಿಯೊಗೆ ಕಳೆದುಕೊಂಡ ಮಂಡ್ಯದ ಕೆ.ಎಸ್. ರಾಜಣ್ಣನವರು ಕುಳಿತ ಕುರ್ಚಿ ಅದು.

ನನಗೆ ದಂಡದ ಹೆದರಿಕೆಗಿಂತ ನಾಚಿಕೆ ಹೆಚ್ಚು. ವಾಡಿ, ಸೇಡಂ, ಚಿಂಚೋಳಿಯ ಸಿಮೆಂಟು ಊರೂರಿಗೆ ಹೋಗುತ್ತದೆ. ಶಹಾಬಾದ, ಚಿತ್ತಾಪುರದ ಕಲ್ಲು ಎಲ್ಲೆಲ್ಲಿಯ ಅಂಗಳಕ್ಕೋ ಹಾಸಾಗುತ್ತದೆ. ಅದನ್ನು ಅಗೆದು ಕೊಟ್ಟವನು ನಮ್ಮ ದಾಸೋಹದ ಪಂಕ್ತಿಗೆ ಬರಲಾರ. ಜಾತಿ ನೋಡದೆ ಕೂಡಿಸಿ ಉಣಿಸುತ್ತೇವೆ ಎಂದು ವೇದಿಕೆ ಮೇಲೆ ಹೇಳುತ್ತೇವಲ್ಲ, ಆ ವೇದಿಕೆಗೂ ಐದು ಮೆಟ್ಟಿಲು.

ಖರ್ಚಿನ ಮಾತು ಬರುತ್ತದೆ. ಮೂರು ಅಡಿ ಎತ್ತರಕ್ಕೆ ಹದಿನೆಂಟು ಅಡಿಯ ಎರಡು ಓಟ, ನಡುವೆ ಐದು ಅಡಿಯ ಸಮತಟ್ಟು ಜಾಗ, ನಾಲ್ಕು ಅಡಿ ಅಗಲ, ಎರಡೂ ಬದಿಗೆ ಹಿಡಿಕೆ ಕಂಬಿ. ಮಂಟಪದ ಸ್ವಾಗತ ಕಮಾನಿಗೆ ಸುರಿಯುವ ದುಡ್ಡಿನಲ್ಲಿ ಇದು ಆಗುತ್ತದೆ. ಒಂದು ಎಚ್ಚರಿಕೆ: ಪಾಲಿಶ್ ಮಾಡಿದ ಫರಸಿಯನ್ನು ಇಳಿಜಾರಿಗೆ ಹಾಕಬೇಡಿ. ಮಳೆಯಲ್ಲಿ ಗಟ್ಟಿ ಕಾಲಿನವರೂ ಜಾರುತ್ತಾರೆ. ಒರಟು ಕಲ್ಲನ್ನೇ ಹಾಕಿ, ಅಡ್ಡ ಗೀರು ಹೊಡೆಸಿ. ಶೌಚಾಲಯದ ಬಾಗಿಲು ಮೂರು ಅಡಿ ಇರಲಿ, ಹೊಸ್ತಿಲು ಬೇಡ, ಒಳಗೆ ಒಂದಾದರೂ ಕುರ್ಚಿ ಕಮೋಡು ಇರಲಿ. ಊಟದ ಮನೆ ಕೆಳಗೇ ಇದ್ದರೆ, ಮೇಲೆಯೇ ನಾಲ್ಕು ಮೇಜು ಹಾಕಿ ಆ ಕುಟುಂಬದವರನ್ನೂ ಜೊತೆಗೆ ಕೂಡಿಸಿ.

ಹೊಸದಾಗಿ ಕಟ್ಟುವವರಿಗೆ ಇನ್ನೊಂದು ಮಾತು. ಈ ನಿಯಮ ಪಾಲಿಸದ ನಕ್ಷೆಗೆ ಪುರಸಭೆ, ನಗರಸಭೆ ಪರವಾನಗಿ ಕೊಡುವಂತಿಲ್ಲ. ಸದ್ಯ ಕೊಡುತ್ತಿವೆ, ಅದು ಬೇರೆ ಮಾತು.

ಮುಂದಿನ ಜಾತ್ರೆಯೊಳಗೆ ನಿಮ್ಮೂರ ಮಠ, ಮಂಟಪದ ಬಾಗಿಲಿಗೆ ಟೇಪು ಹಿಡಿಯಿರಿ. ಕಟ್ಟೆಯ ಎತ್ತರ, ಮುಂದಿನ ಖಾಲಿ ಜಾಗ, ಬಾಗಿಲ ಅಗಲ ಈ ಮೂರು ಅಳತೆ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಕ್ಷೆ ನಾನು ಹಾಕಿಕೊಡುತ್ತೇನೆ. ಶುಲ್ಕವಿಲ್ಲ.