ದಾರಿ ಒಂದೇ, ದುಡಿಯುವವರು ನಾಲ್ವರು

ಕಳೆದ ತಿಂಗಳು ಸಿಂಧನೂರಿನಲ್ಲಿ ಪಾಲಕರೊಬ್ಬರು ಸಿಕ್ಕರು. ಭತ್ತ ಮಾರಿದ ಹಣದಲ್ಲಿ ಮಗಳಿಗೆ ಕಂಪ್ಯೂಟರ್ ಕೊಡಿಸುವವರಿದ್ದರು. ‘ನಾಲ್ಕು ಕೋರಿನದಕ್ಕಿಂತ ಎಂಟು ಕೋರಿನದು ಎರಡು ಪಟ್ಟು ಜೋರು ಅಂತಾರ, ಹೌದೇನ್ರಿ ಸರ?’ ಎಂದು ಕೇಳಿದರು. ನಾನು ಹೌದೆಂದುಬಿಟ್ಟೆ. ಪಕ್ಕದಲ್ಲಿದ್ದ ಮಗಳು, ‘ಹಂಗಾದ್ರ ಮೆಮೊರಿಗೆ ಹೋಗೋ ದಾರಿನೂ ಎರಡು ಪಟ್ಟು ಆಗ್ತದೇನು ಸರ್?’ ಎಂದಳು. ಇಷ್ಟು ವರ್ಷ ಪಾಠ ಹೇಳಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದನ್ನು ಈ ವಾರ ಹೇಳುತ್ತೇನೆ.

ಮಕ್ಕಳೇ, ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವವರು ಮಸ್ಕಿಯನ್ನು ಹಾಯ್ದೇ ಹೋಗುತ್ತಾರಲ್ಲವೇ? ಕಂಪ್ಯೂಟರಿನ ಒಳಗಿನ ‘ಬಸ್’ ಎಂದರೆ ಗಾಡಿಯಲ್ಲ, ಅಂಥದೊಂದು ರಸ್ತೆ. ಲಿಂಗಸುಗೂರು ಪ್ರೊಸೆಸರ್, ಮಸ್ಕಿ ಮೆಮೊರಿ, ಸಿಂಧನೂರು ಕೀಲಿಮಣೆ, ಡಿಸ್ಕು ಮುಂತಾದ ಉಪಕರಣಗಳು ಎಂದುಕೊಳ್ಳಿ. ಇವನ್ನೆಲ್ಲ ಜೋಡಿಸುವ ತಂತಿಗಳ ಕಟ್ಟೇ ಬಸ್. ಅದರಲ್ಲಿ ಮೂರು ಬಗೆಯ ತಂತಿಗಳಿವೆ. ವಿಳಾಸದ ತಂತಿಗಳು ‘ಎಲ್ಲಿಗೆ’ ಎಂಬುದನ್ನು ಹೇಳುತ್ತವೆ. ದತ್ತಾಂಶದ ತಂತಿಗಳು ಸರಕು ಒಯ್ಯುತ್ತವೆ. ನಿಯಂತ್ರಣದ ತಂತಿಗಳು ‘ಓದು’, ‘ಬರೆ’ ಎಂದು ಅಪ್ಪಣೆ ಕೊಡುತ್ತವೆ.

ಈಗ ಒಂದು ಲೆಕ್ಕ. ಇಂಟೆಲ್ ಕಂಪನಿ 1978ರಲ್ಲಿ ತಂದ 8086 ಎಂಬ ಪ್ರೊಸೆಸರಿಗೆ 20 ವಿಳಾಸದ ತಂತಿಗಳು. ಒಂದೊಂದರಲ್ಲೂ 0 ಅಥವಾ 1. ಇಪ್ಪತ್ತು ಎರಡುಗಳನ್ನು ಗುಣಿಸಿದರೆ 10,48,576 ಮನೆಗಳ ವಿಳಾಸ ಸಿಗುತ್ತದೆ. ಒಂದು ಸಾಗಣೆಗೆ ಕನಿಷ್ಠ 4 ಗಡಿಯಾರದ ಮಿಡಿತ ಬೇಕು. ಸೆಕೆಂಡಿಗೆ 50 ಲಕ್ಷ ಮಿಡಿತವಿದ್ದರೆ 12,50,000 ಸಾಗಣೆ. ಇಂಥ ನಾಲ್ಕು ಪ್ರೊಸೆಸರುಗಳು ಇಷ್ಟೇ ವೇಗದ ಒಂದೇ ದಾರಿಗೆ ಸದಾ ಮುಗಿಬಿದ್ದರೆ ಒಂದೊಂದರ ಪಾಲಿಗೆ 3,12,500 ಮಾತ್ರ! ಕಾಲುವೆಗೆ ತೂಬು ಹೆಚ್ಚಿಸಿದ ಮಾತ್ರಕ್ಕೆ ನೀರು ಹೆಚ್ಚೀತೇ? ಜಗಳವಾಗದಂತೆ ಸರದಿ ಹಚ್ಚುವ ನೀರಗಂಟಿಯಂಥ ಮಂಡಲವೊಂದು ಬಸ್ಸಿಗೂ ಇರುತ್ತದೆ. ಆದರೆ ಸರದಿ ಬಂದರೂ ಕಾಯುವುದು ತಪ್ಪುವುದಿಲ್ಲ.

ಹಾಗಾದರೆ ಹಲವು ಪ್ರೊಸೆಸರ್ ಜೋಡಿಸಿ ಫಲವೇನು? ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. 1980ರ ದಶಕದಲ್ಲಿ ಸೂಪರ್ ಕಂಪ್ಯೂಟರ್ ತರಿಸಲು ಅಮೆರಿಕದ ಅನುಮತಿಗೆ ಕಾಯಬೇಕಿತ್ತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹರಿಯುವ ಲೆಕ್ಕಕ್ಕೆ ಅಂಥ ಯಂತ್ರ ಬೇಕೇ ಬೇಕು. ಆಗ ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು ಇದೇ 8086 ಪ್ರೊಸೆಸರುಗಳನ್ನು, ಗಣಿತಕ್ಕೆಂದೇ ಇರುವ 8087ರ ಜೊತೆ ಕೂಡಿಸಿ, ನಾಲ್ವರು ಒಟ್ಟಿಗೆ ದುಡಿಯುವ ‘ಫ್ಲೋಸಾಲ್ವರ್’ ಕಟ್ಟಿದರು. 1986ರ ಡಿಸೆಂಬರಿನಲ್ಲಿ ಅದು ಕೆಲಸಕ್ಕೆ ನಿಂತಿತು.

ಗಾಳಿಯ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಆಕಾಶವನ್ನು ಗದ್ದೆಗಳಂತೆ ತುಂಡು ಮಾಡಿ ಒಬ್ಬೊಬ್ಬ ಪ್ರೊಸೆಸರಿಗೆ ಒಂದೊಂದನ್ನು ಒಪ್ಪಿಸಬಹುದು. ತನ್ನ ಗದ್ದೆಯ ಲೆಕ್ಕವನ್ನು ಅದು ತನ್ನ ಬಳಿಯ ಮೆಮೊರಿಯಲ್ಲೇ ಮಾಡುತ್ತದೆ. ನೆರೆಯವನಿಂದ ಬೇಕಾಗುವುದು ಬದುವಿನ ಅಂಚಿನ ಅಂಕಿಗಳಷ್ಟೇ. ಅಷ್ಟನ್ನು ಮಾತ್ರ ದಾರಿಗಿಳಿಸಿದರೆ ಸಾಕು. ನಾಲ್ವರ ದುಡಿಮೆ ಫಲ ಕೊಡುವುದು ದಾರಿಯನ್ನು ಮಿತವಾಗಿ ಬಳಸಿದಾಗ.

ಇಂದಿನ ಪ್ರೊಸೆಸರುಗಳೂ ಇದೇ ಉಪಾಯ ಮಾಡುತ್ತವೆ. ಪ್ರತಿ ಕೋರೂ ಬೇಕಾದ ಅಂಕಿಗಳ ನಕಲನ್ನು ‘ಕ್ಯಾಶ್’ ಎಂಬ ಮನೆಯ ಕಣಜದಲ್ಲಿ ಇಟ್ಟುಕೊಳ್ಳುತ್ತದೆ. ಇಲ್ಲೊಂದು ತೊಡಕುಂಟು. ಒಬ್ಬ ಅಂಕಿ ತಿದ್ದಿದರೆ ಉಳಿದವರ ನಕಲು ಹಳಸಿತಲ್ಲ! ಅದಕ್ಕೇ ಬದಲಾದ ಸುದ್ದಿ ಎಲ್ಲರಿಗೂ ಮುಟ್ಟುವ ಏರ್ಪಾಡಿದೆ. ಕೇಳಿದವರು ಹಳೆಯ ನಕಲನ್ನು ಹೊಡೆದುಹಾಕುತ್ತಾರೆ. ಇನ್ನು ಉಪಕರಣಗಳಿಗೆ 2003ರ ಪಿ.ಸಿ.ಐ. ಎಕ್ಸ್‌ಪ್ರೆಸ್ ಬಂದ ಮೇಲೆ ಒಂದೊಂದಕ್ಕೂ ಪ್ರತ್ಯೇಕ ಹಾದಿ ಕೊಡುವುದು ರೂಢಿಯಾಯಿತು.

ಪಾಲಕರೇ, ಕೋರುಗಳ ಸಂಖ್ಯೆಯೊಂದನ್ನೇ ನೋಡಿ ದುಡ್ಡು ಸುರಿಯಬೇಡಿ. ಮೆಮೊರಿ ಎಷ್ಟು, ಅದಕ್ಕೆ ದಾರಿ ಎಷ್ಟು ಎಂದೂ ಕೇಳಿರಿ. ಇಂದಿನ ಅನೇಕ ಯಂತ್ರಗಳಲ್ಲಿ ಮೆಮೊರಿಗೆ ಎರಡು ದಾರಿಗಳಿವೆ. ಒಂದೇ ದೊಡ್ಡ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಉಳಿಯಬಹುದು, ಎರಡು ಸಮ ಪಟ್ಟಿ ಹಾಕಿದರೆ ಎರಡೂ ದುಡಿಯುತ್ತವೆ.

ಮರುವಾರ ಆ ಹುಡುಗಿಯ ಮನೆಗೇ ಹೋಗಿ ನನ್ನ ತಪ್ಪು ಒಪ್ಪಿಕೊಂಡೆ. ತಂದೆ ನಾಲ್ಕು ಕೋರಿನದನ್ನೇ ಕೊಂಡು, ಉಳಿದ ಹಣದಲ್ಲಿ ಎರಡನೆಯ ಮೆಮೊರಿ ಪಟ್ಟಿ ಹಾಕಿಸಿದರು. ಮಕ್ಕಳೇ, ಮೇಷ್ಟ್ರು ಹೌದೆಂದರೂ ‘ದಾರಿ ಎಷ್ಟು ಸರ್?’ ಎಂದು ಕೇಳುವುದನ್ನು ಬಿಡಬೇಡಿ.